ಓವನ್ ಬಾಗಿಲು ತೆಗೆಯಬೇಡಿ

ಮನೆಯಲ್ಲಿ ಕೇಕ್ ಬೇಯಲು ಇಟ್ಟರೆ ಸಾಕು, ಯಾರಿಗೂ ತಾಳ್ಮೆ ಉಳಿಯುವುದಿಲ್ಲ. ಘಮ ಹಜಾರಕ್ಕೆ ಬರುತ್ತಿದ್ದಂತೆ ಒಬ್ಬೊಬ್ಬರೇ ಎದ್ದು ಬಂದು ಓವನ್ ಬಾಗಿಲು ತೆಗೆದು ಇಣುಕುತ್ತಾರೆ. ಬಾಗಿಲು ಗಾಜಿನದು, ಒಳಗೆ ದೀಪವೂ ಉರಿಯುತ್ತಿದೆ, ಆದರೂ ತೆಗೆಯಲೇಬೇಕು! 180 ಡಿಗ್ರಿಯಲ್ಲಿ ಕಾದ ಗಾಳಿ ಭಗ್ಗನೆ ಹೊರಗೆ ಬಂದುಬಿಡುತ್ತದೆ. ಬೇಕಿಂಗ್ ಪೌಡರಿನಿಂದ ಉಬ್ಬಿದ ಹಿಟ್ಟು, ಒಳಗಿನ ಮೊಟ್ಟೆ ಮೈದಾ ಗಟ್ಟಿಯಾಗುವ ಮೊದಲೇ ತಣ್ಣಗಾದರೆ ನಡು ಕುಸಿಯದೆ ಇನ್ನೇನಾದೀತು? ಅಂಚೆಲ್ಲ ಎತ್ತರಕ್ಕೆ ನಿಂತು, ಮಧ್ಯೆ ಬೆರಳು ಮುಳುಗುವಷ್ಟು ಹಳ್ಳ. ಆಮೇಲೆ ಅದೇ ಜನ, "ಸೋಡಾ ಕಡಿಮೆಯಾಯಿತೇನೋ" ಎಂದು ಬುದ್ಧಿ ಹೇಳುವಾಗ ಮೈಯೆಲ್ಲ ಉರಿಯುತ್ತದೆ.

ಹೊರತೆಗೆದ ಮೇಲಾದರೂ ಬಿಡುತ್ತಾರೆಯೇ? ಬಿಸಿಯಲ್ಲೇ ಚಾಕು ಹಾಕುತ್ತಾರೆ. ಬ್ರೌನಿಯಂತೂ ಆರುವ ಮೊದಲು ಕತ್ತರಿಸಿದರೆ ಚಾಕುವಿಗೆ ಮೆತ್ತಿಕೊಂಡು ಮುದ್ದೆಯಾಗುತ್ತದೆ. ಬೆಣ್ಣೆಯ ಕುಕೀಸ್ ಓವನ್ನಿನಿಂದ ಬಂದಾಗ ಮೆತ್ತಗೇ ಇರುತ್ತವೆ, ತಟ್ಟೆಯ ಮೇಲೆ ಆರುತ್ತಾ ಗರಿಗರಿಯಾಗುತ್ತವೆ. ಇದನ್ನು ಎಷ್ಟು ಹೇಳಿದರೂ ಅತ್ತೆಯವರದು ಒಂದೇ ಮಾತು, "ಬೆಂದಿಲ್ಲ, ಇನ್ನಷ್ಟು ಹೊತ್ತು ಇಡಮ್ಮ." ಇಟ್ಟರೆ ತಳವೆಲ್ಲ ಕಪ್ಪು.

ಬೆಣ್ಣೆ ಸಕ್ಕರೆಯನ್ನು ಬೆಳ್ಳಗಾಗುವವರೆಗೆ ಕೈಸೋಲುವಂತೆ ಕಲಸುವುದು ನಿಮ್ಮೆಲ್ಲರಿಗಾಗಿಯೇ ಅಲ್ಲವೇ? ಬೇಯುವಷ್ಟು ಹೊತ್ತು, ಆರುವಷ್ಟು ಹೊತ್ತು ಸುಮ್ಮನೆ ಕುಳಿತುಕೊಳ್ಳಿ.