30 ಅಕ್ಷರದಲ್ಲಿ ಮದುವೆ ಊಟ

ನನ್ನ ಸೋದರಮಾವ ಮೈಸೂರಿನಲ್ಲಿ ಅಡುಗೆ ಕಾಂಟ್ರಾಕ್ಟರ್. ಎಂಟುನೂರು ಎಲೆಗೆ ಹುಳಿಗೆ ಎಷ್ಟು ಬೇಳೆ ಬೇಕು ಅಂತ ನಿಂತಲ್ಲೇ ಹೇಳುತ್ತಾರೆ. ನಾನು ಹೊಟ್ಟೆಪಾಡಿಗೆ ಗೂಗಲ್ ಜಾಹೀರಾತು ಬರೆಯುವವಳು. ಇವೆರಡೂ ಒಂದು ದಿನ ಒಂದೇ ಮೇಜಿಗೆ ಬರಲೇಬೇಕಿತ್ತು.

"ಪುಟ್ಟಿ, ಮೊದಲು ಮೇಲುಗಡೆ ಶ್ರೀ ಗುರುರಾಘವೇಂದ್ರ ಪ್ರಸನ್ನ ಅಂತ ಹಾಕಿಬಿಡು. ಮಿಕ್ಕಿದ್ದು ಆಮೇಲೆ" ಅಂದರು ಮಾವ.

ಗೂಗಲ್‌ನಲ್ಲಿ ಏನಾದರೂ ಹುಡುಕಿದಾಗ ಉತ್ತರಗಳ ಜೊತೆ ಕಾಣುವ ಈ ಜಾಹೀರಾತಿನಲ್ಲಿ ಒಂದು ಹೆಡ್‌ಲೈನಿಗೆ ಸಿಗುವುದು 30 ಅಕ್ಷರ. ಕೆಳಗಿನ ವಿವರಣೆಗೆ 90. ಅದೂ ಕಂಪ್ಯೂಟರ್ ಎಣಿಸುವ ಅಕ್ಷರ. ಒತ್ತು, ಗುಣಿತ, ಸೊನ್ನೆ, ಖಾಲಿ ಜಾಗ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. 'ಶ್ರೀ' ಒಂದೇ ನಾಲ್ಕು ತಿನ್ನುತ್ತದೆ. ಎಣಿಸಿ ನೋಡಿದೆ, 26 ರಾಯರಿಗೇ ಹೋಯಿತು. "ಇನ್ನುಳಿದ ಜಾಗದಲ್ಲಿ 'ಊಟ' ಅಂತ ಬರೆಯಬಹುದು ಮಾವ, ಅಷ್ಟೇ" ಅಂದೆ. "ಸಾಕಲ್ವಾ?" ಅಂದರು.

ಸಾಲದು. ಹುಡುಕುವವರು ಟೈಪ್ ಮಾಡುವುದು 'ಮೈಸೂರು ಉಪನಯನ ಅಡುಗೆ 150 ಜನ ರೇಟ್' ಅಂತ. ಅವರಿಗೆ ಬೇಕಾಗಿರುವುದು ಅದಕ್ಕೆ ಉತ್ತರ. ಜಾಹೀರಾತಿನ ಜಾಗಕ್ಕೆ ಹರಾಜು ನಡೆಯುವುದೇನೋ ನಿಜ, ಆದರೆ ಜಾಸ್ತಿ ಕೂಗಿದವರೇ ಮೇಲೆ ಬರುತ್ತಾರೆ ಅಂತಿಲ್ಲ. ಕೇಳಿದ್ದಕ್ಕೂ ಬರೆದದ್ದಕ್ಕೂ ಸಂಬಂಧ ಇದೆಯಾ, ಒತ್ತಿದ ಮೇಲೆ ತೆರೆಯುವ ಪುಟದಲ್ಲಿ ಕೆಲಸಕ್ಕೆ ಬರುವ ವಿಷಯ ಇದೆಯಾ ಅಂತಲೂ ನೋಡುತ್ತಾರೆ. ಮಾವನ ವೆಬ್‌ಸೈಟ್ ತೆರೆದರೆ ಅವರ ತಂದೆಯ ಫೋಟೋ. ಅದಕ್ಕೆ ಗಂಧದ ಹಾರ. ಫೋನ್ ನಂಬರು ಪಾತಾಳದಲ್ಲಿ.

ಹೆಡ್‌ಲೈನಿನಲ್ಲಿ ಆಶ್ಚರ್ಯ ಚಿಹ್ನೆ ಹಾಕುವಂತಿಲ್ಲ ಅಂದಾಗ ಬೇಜಾರಾದರು. ಜಾಹೀರಾತಿನ ಸಾಲಿನೊಳಗೆ ಫೋನ್ ನಂಬರೂ ಬರೆಯುವಂತಿಲ್ಲ, ಅದಕ್ಕೆ ಬೇರೆ ಜಾಗ ಇದೆ ಅಂದಾಗ ಕಾಫಿ ಲೋಟ ಕುಕ್ಕಿದರು. ಎಲೆಗೆ ಇಷ್ಟು ರೂಪಾಯಿಯಿಂದ ಶುರು ಅಂತ ರೇಟ್ ಹಾಕೋಣ ಅಂದದ್ದಕ್ಕಂತೂ, "ತಳ್ಳೋ ಗಾಡೀಲಿ ಟೊಮೇಟೊ ಕೂಗಿದ ಹಾಗಿರುತ್ತೆ" ಅಂದರು. ರೇಟ್ ಹಾಕುವುದು ಕರೆಯುವುದಕ್ಕಲ್ಲ, ಕಳಿಸುವುದಕ್ಕೆ. ಅಷ್ಟು ಕೊಡಲಾಗದವರು ಒತ್ತುವುದೇ ಇಲ್ಲ. ಒತ್ತದಿದ್ದರೆ ನಮ್ಮ ದುಡ್ಡು ಉಳಿಯಿತು. ಒತ್ತಿದರೆ ಮಾತ್ರ ಕಾಸು, ನೋಡಿದ್ದಕ್ಕೆ ಇಲ್ಲ. ಗೂಗಲ್ ಈ ಪದ್ಧತಿಗೆ ಬಂದದ್ದು 2002ರಲ್ಲಿ. ಅದಕ್ಕೂ ಮುಂಚೆ, 1998ರಲ್ಲೇ, ಗೋಟು ಡಾಟ್ ಕಾಮ್ ಅನ್ನುವ ಹುಡುಕುತಾಣ ಇದನ್ನು ಶುರುಮಾಡಿತ್ತು.

ನಾನು ಆಫೀಸಿಗೆ ಹೋದ ಹೊತ್ತಲ್ಲಿ ಮಾವನ ಮಗ ಕೀವರ್ಡ್ ಪಟ್ಟಿಗೆ, ಅಂದರೆ ಏನು ಹುಡುಕಿದರೆ ನಮ್ಮ ಜಾಹೀರಾತು ಕಾಣಬೇಕು ಅನ್ನುವ ಪದಗಳ ಪಟ್ಟಿಗೆ, 'ಕೇಟರಿಂಗ್' ಅಂತ ಒಂದೇ ಪದ ಸೇರಿಸಿ, ಬ್ರಾಡ್ ಮ್ಯಾಚ್‌ನಲ್ಲಿ ಬಿಟ್ಟ. ಅಂದರೆ ಅದಕ್ಕೆ ಹತ್ತಿರ ಅನ್ನಿಸಿದ ಯಾವ ಹುಡುಕಾಟಕ್ಕಾದರೂ ಜಾಹೀರಾತು ತೋರಿಸಬಹುದು ಅಂತ. ಕೇಟರಿಂಗ್ ಕೋರ್ಸ್ ಫೀಸ್ ಕೇಳುವವರು ಬಂದರು. ಕೆಲಸ ಕೇಳುವವರು ಬಂದರು. ಐಆರ್‌ಸಿಟಿಸಿಯ ಪೂರ್ತಿ ಹೆಸರಿನಲ್ಲೂ ಕೇಟರಿಂಗ್ ಇದೆಯಲ್ಲ, ಅದನ್ನು ಹುಡುಕಿ ಬಂದ ಒಬ್ಬರು ಸೀದಾ ಮಾವನಿಗೆ ಫೋನ್ ಹಚ್ಚಿದರು.

"ಸಾರ್, ತತ್ಕಾಲ್ ಆಗುತ್ತಾ?"

"ತತ್ಕಾಲ್ ಎಲ್ಲಾ ಆಗಲ್ಲ ಸ್ವಾಮಿ. ಹದಿನೈದು ದಿನ ಮುಂಚೆ ಹೇಳಬೇಕು. ಎಷ್ಟು ಜನ?"

"ಮೂರು. ಅದರಲ್ಲಿ ಇಬ್ಬರು ಸೀನಿಯರ್ ಸಿಟಿಜನ್."

"ಮೂರು ಜನಕ್ಕೆ ನಾವು ಒಲೆ ಹಚ್ಚಲ್ಲ" ಅಂತ ಮಾವ ಫೋನ್ ಇಟ್ಟರು.

ಅವತ್ತೇ ರಾತ್ರಿ ಕೂತು ನೆಗೆಟಿವ್ ಕೀವರ್ಡ್ ಪಟ್ಟಿ ಮಾಡಿದೆ. ಕೋರ್ಸ್, ಜಾಬ್, ಟಿಕೆಟ್, ಟ್ರೈನ್ ಅಂತ ಹುಡುಕಿದರೆ ನಮ್ಮದು ಕಾಣಬಾರದು. ನನ್ನ ಕೇಳಿದರೆ ಈ ಕಸುಬಿನಲ್ಲಿ ಅರ್ಧ ಕೆಲಸ ಇದೇ. ಜನ ಏನು ಟೈಪ್ ಮಾಡಿ ಬಂದರು ಅನ್ನುವ ಪಟ್ಟಿ ಸಿಗುತ್ತದೆ, ಅದನ್ನು ಓದಬೇಕು. ಯಾರೂ ಓದಲ್ಲ.

ಇನ್ನೊಂದು ಫಜೀತಿ ಕೇಳಿ. ಒಂದು ಜಾಹೀರಾತಿಗೆ 15 ಹೆಡ್‌ಲೈನ್ ತನಕ ಕೊಡಬಹುದು. ಯಂತ್ರ ಅದರಲ್ಲಿ ಸಾಮಾನ್ಯವಾಗಿ ಎರಡೋ ಮೂರೋ ಆರಿಸಿ ಜೋಡಿಸುತ್ತದೆ. ನಾನು ಬರೆದಿದ್ದರಲ್ಲಿ 'ವೈಕುಂಠ ಸಮಾರಾಧನೆ ಅಡುಗೆ' ಇತ್ತು. ಆ ಕೆಲಸವನ್ನೂ ಮಾವ ಅಚ್ಚುಕಟ್ಟಾಗಿ ಮಾಡುತ್ತಾರೆ. ಅವರ ವಿಸಿಟಿಂಗ್ ಕಾರ್ಡಿನಿಂದ 'ಮತ್ತೆ ಮತ್ತೆ ಕರೆಯುವಿರಿ' ಅನ್ನುವುದೂ ಬರಲೇಬೇಕು ಅಂತ ಹಟ ಹಿಡಿದು ಸೇರಿಸಿಸಿದ್ದರು. ಇವೆರಡೂ ಅಕ್ಕಪಕ್ಕ ಕೂತವು. ಸ್ಕ್ರೀನ್‌ಶಾಟ್ ಕಳಿಸಿದ್ದು ನಮ್ಮ ಪುರೋಹಿತರು. ಮದುವೆಗೆ ಒಂದು, ತಿಥಿಗೆ ಒಂದು ಅಂತ ಜಾಹೀರಾತು ಬೇರೆ ಮಾಡಲು ಮಾವ ಆಮೇಲೆ ತಕರಾರು ಮಾಡಲಿಲ್ಲ.

ಹನ್ನೊಂದರಿಂದ ಎರಡರ ತನಕ ಜಾಹೀರಾತು ನಿಲ್ಲಿಸಿದೆ. ಪಂಕ್ತಿ ಕೂತಿರುವಾಗ ಮಾವ ಫೋನ್ ತೆಗೆಯುವುದಿಲ್ಲ, ಕರೆಯ ಬಟನ್ ಒತ್ತಿದ್ದಕ್ಕೂ ಕಾಸು ಹೋಗುತ್ತದೆ. ಅಷ್ಟಾದರೂ ದಿನದ ಬಜೆಟ್ ತಿಂಡಿ ಹೊತ್ತಿಗೇ ಖಾಲಿ. ಯಾಕೆ ಅಂತ ತಿಳಿದದ್ದು ಮನೆಯವರ ವಾಟ್ಸಾಪ್ ಗುಂಪಿನಲ್ಲಿ. 'ನಾನೂ ಒತ್ತಿದೆ', 'ನಮ್ಮನೇಲಿ ಎಲ್ಲರೂ ಒತ್ತಿದ್ವಿ', ಕೆಳಗೆ ಸಾಲಾಗಿ ಕೈಮುಗಿದ ಚಿತ್ರ. ಅತ್ತೆ ದಿನಾ ಸ್ನಾನ ಮುಗಿಸಿ ದೀಪ ಹಚ್ಚಿದ ಮೇಲೆ ಒಂದ್ಸಲ ಒತ್ತುತ್ತಿದ್ದರಂತೆ, ಒಳ್ಳೇದಾಗಲಿ ಅಂತ.

ಸುಮ್ನೆ ಒತ್ತಿದ ಕ್ಲಿಕ್‌ಗಳನ್ನು ಗೂಗಲ್ ಜರಡಿ ಹಿಡಿಯುತ್ತದೆ, ಆದರೆ ಪ್ರೀತಿಯಿಂದ ಒತ್ತಿದ್ದೆಲ್ಲ ಅದಕ್ಕೆ ಸಿಗಬೇಕಲ್ಲ. ಅತ್ತೆಗೆ ಕೂರಿಸಿಕೊಂಡು ಹೇಳಿದೆ. ನೀವು ಒತ್ತಿದಾಗಲೆಲ್ಲ ಮಾವನ ಜೇಬಿನಿಂದ ದುಡ್ಡು ಹೋಗುತ್ತೆ ಅತ್ತೆ, ದಯವಿಟ್ಟು ಒತ್ತಬೇಡಿ.

ಅತ್ತೆ ಸ್ವಲ್ಪ ಹೊತ್ತು ಫೋನನ್ನೇ ನೋಡಿದರು.

"ಹೌದೇನೇ? ಹಂಗಾದ್ರೆ ಇಲ್ಲಿ ಕೆಳಗಡೆ ಪಕ್ಕದ ಬೀದಿ ಭಟ್ಟರದ್ದೂ ಬರುತ್ತಲ್ಲ... ಅದನ್ನ ಒತ್ತಲಾ?"