ಹಾಜಬ್ಬರು ಸುರಿದಿದ್ದು ಬರೀ ದುಡ್ಡಲ್ಲ

ಕಿತ್ತಳೆ ಹಣ್ಣು ಮಾರುತ್ತಲೇ ತಮ್ಮೂರಿಗೆ ಶಾಲೆ ತಂದ ಹರೇಕಳ ಹಾಜಬ್ಬರ ಬಗ್ಗೆ ನಿಮ್ಮ ಲೇಖನ ಓದಿ ತುಂಬಾ ಖುಷಿಯಾಯ್ತು. ಆದರೆ ಅದರಲ್ಲಿದ್ದ ‘ಕಿತ್ತಳೆ ಮಾರಿದ ದುಡ್ಡಿನಲ್ಲೇ ಶಾಲೆ ಕಟ್ಟಿದರು’ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಹಣ್ಣು ಮಾರಿದ ದುಡ್ಡಿಗೆ ಎಷ್ಟು ಗೋಡೆ ಏಳುತ್ತದೆ ಹೇಳಿ? ಅವರು ಕಚೇರಿಯಿಂದ ಕಚೇರಿಗೆ ಅಲೆದು ತಮ್ಮೂರು ನ್ಯೂಪಡ್ಪುವಿಗೆ ಸರ್ಕಾರಿ ಶಾಲೆಯನ್ನೇ ತಂದರು. ದಾನಿಗಳೂ ಕೈಜೋಡಿಸಿದರು. 28 ಮಕ್ಕಳಿಂದ ಶುರುವಾದದ್ದು ಹೈಸ್ಕೂಲಿನವರೆಗೆ ಬೆಳೆಯಿತು. ಸರ್ಕಾರಿ ಶಾಲೆ ಆದ್ದರಿಂದಲೇ ಅಲ್ಲಿ ಮೇಷ್ಟ್ರ ಸಂಬಳ ಯಾರ ಬುಟ್ಟಿಯನ್ನೂ ನಂಬಿಕೊಂಡಿಲ್ಲ. 2020ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ನನಗೆ ಮೊದಲು ನೆನಪಾದದ್ದು ಆ ಓಡಾಟ.

ಇದನ್ನು ಸುಮ್ನೆ ಹೇಳುತ್ತಿಲ್ಲ. ನಾವು ನಾಲ್ಕು ಜನ ಸೇರಿ ನಮ್ಮೂರಲ್ಲಿ ಸಂಜೆ ಪಾಠ ಶುರು ಮಾಡಿದ್ದೆವು. ದುಡ್ಡಿಗೆ ತೊಂದರೆ ಆಗಲಿಲ್ಲ. ಬೆಂಚು, ಬೋರ್ಡು, ನೋಟ್‌ಬುಕ್ಕು ಎಲ್ಲ ಬಂತು. ನಿಂತುಹೋಗಿದ್ದು ಒಂದು ಬೀಗದ ಕೈಯಿಂದ! ದಿನಾ ಐದೂವರೆಗೆ ಬಾಗಿಲು ತೆಗೆಯುತ್ತಿದ್ದ ಅಕ್ಕ ಮಗಳ ಬಾಣಂತನಕ್ಕೆ ಹೋದರು. ಬೀಗದ ಕೈ ಅವರ ಹತ್ತಿರವೇ ಉಳಿಯಿತು. ಉಳಿದ ನಾವು ಮೂವರೂ ‘ಇನ್ನೊಬ್ಬರು ನೋಡಿಕೊಳ್ಳುತ್ತಾರೆ’ ಅಂದುಕೊಂಡೆವು. ಮೂರು ಸಂಜೆ ಮಕ್ಕಳು ಚೀಲ ತೊಡೆ ಮೇಲಿಟ್ಟುಕೊಂಡು ಜಗಲಿಯಲ್ಲಿ ಕಾದು ವಾಪಸ್ ಹೋದವು. ನಾಲ್ಕನೇ ದಿನ ಒಂದು ಮಗುವೂ ಬರಲಿಲ್ಲ. ಆ ಜಗಲಿ ನೆನಪಾದರೆ ಈಗಲೂ ಕರುಳು ಚುರುಕ್ ಅನ್ನುತ್ತದೆ.

ದಯವಿಟ್ಟು ಮುಂದಿನ ಸಲ ಹಾಜಬ್ಬರು ಒಂದೊಂದು ಅರ್ಜಿಗೂ ಎಷ್ಟು ಸಲ ಓಡಾಡಿದರು, ಯಾರು ಅವರ ಜೊತೆ ನಿಂತರು ಅನ್ನುವುದನ್ನೂ ಬರೆಯಿರಿ. ಟ್ರಸ್ಟು ಶುರು ಮಾಡಲು ಹೊರಟ ನಮ್ಮಂಥವರಿಗೆ ಬೇಕಾಗಿರುವುದು ಅದೇ ಅಲ್ವಾ?