ರೈಲು ಎಷ್ಟು ಸ್ಪೀಡ್ ಅನ್ನೋದಕ್ಕಿಂತ ಮುಂದಿನ ರೈಲು ಸಿಗುತ್ತಾ ಅನ್ನೋದು ಮುಖ್ಯ

ಹೊಸ ರೈಲು ಬಂತು ಅಂದರೆ ಸುದ್ದಿಯಲ್ಲಿ ಮೊದಲು ಬರುವುದು ಅದರ ವೇಗ. ಗಂಟೆಗೆ ಇಷ್ಟು ಕಿಲೋಮೀಟರ್, ಪ್ರಯಾಣದಲ್ಲಿ ಇಷ್ಟು ನಿಮಿಷ ಉಳಿತಾಯ. ಇಳಿದ ಮೇಲೆ ಮುಂದಿನ ಗಾಡಿ ಎಷ್ಟು ಹೊತ್ತಿಗೆ ಅಂತ ಯಾರೂ ಕೇಳುವುದಿಲ್ಲ. ಹತ್ತು ನಿಮಿಷ ಬೇಗ ತಲುಪಿ ಜಂಕ್ಷನ್ನಿನಲ್ಲಿ ಐವತ್ತು ನಿಮಿಷ ಕಾಯುವುದಾದರೆ ಆ ಸ್ಪೀಡ್ ಇಟ್ಟುಕೊಂಡು ಏನು ಮಾಡೋದು? ನನ್ನ ಮಟ್ಟಿಗೆ ಒಳ್ಳೆಯ ರೈಲು ಸೇವೆ ಅಂದರೆ ಒಳ್ಳೆಯ ಟೈಮ್‌ಟೇಬಲ್. ಎಂಜಿನ್, ಬೋಗಿ ಎಲ್ಲ ಆಮೇಲಿನ ಮಾತು.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು ಸ್ವಿಟ್ಜರ್ಲೆಂಡಿನವರು. ನೆದರ್ಲೆಂಡ್ಸ್ 1970ರಲ್ಲೇ ಶುರು ಮಾಡಿದ್ದ ಪದ್ಧತಿಯನ್ನು ಅವರು 1982ರಲ್ಲಿ ದೇಶದ ತುಂಬ ತಂದರು. ಬೆಳಿಗ್ಗೆ 8.12ಕ್ಕೆ ರೈಲು ಇದ್ದರೆ 9.12ಕ್ಕೂ ಇರುತ್ತದೆ, 10.12ಕ್ಕೂ ಇರುತ್ತದೆ. ದಿನವಿಡೀ ಅದೇ ನಿಮಿಷ. ಪುಸ್ತಕ ತೆರೆಯುವುದೇ ಬೇಡ, ಬಾಯಿಪಾಠ ಆಗಿಬಿಡುತ್ತದೆ.

ಮುಂದಿನ ಹೆಜ್ಜೆ ಇನ್ನೂ ಚೆನ್ನಾಗಿದೆ. ದೊಡ್ಡ ಸ್ಟೇಷನ್ನಿಗೆ ನಾಲ್ಕೂ ದಿಕ್ಕಿನ ರೈಲುಗಳು ಗಂಟೆ ಹೊಡೆಯುವ ಸ್ವಲ್ಪ ಮುಂಚೆ ಬಂದು ಸೇರಬೇಕು. ಜನ ಇಳಿದು ಇನ್ನೊಂದು ಗಾಡಿ ಹತ್ತಬೇಕು. ಗಂಟೆ ಹೊಡೆದ ಕೂಡಲೇ ಎಲ್ಲವೂ ಹೊರಡಬೇಕು. ಹೀಗಾಗಲು ಎರಡು ದೊಡ್ಡ ಸ್ಟೇಷನ್‌ಗಳ ನಡುವಿನ ಪ್ರಯಾಣ ಒಂದು ಗಂಟೆಗಿಂತ ಚೂರು ಕಡಿಮೆ ಇರಬೇಕು. ಜ್ಯೂರಿಕ್‌ನಿಂದ ಬರ್ನ್‌ಗೆ ಹೋಗಲು ಗಂಟೆಗಿಂತ ಜಾಸ್ತಿ ಹಿಡಿಯುತ್ತಿತ್ತು. ಅದಕ್ಕೆ ಹೊಸ ಹಳಿ ಹಾಕಿದರು. 2004ರ ಡಿಸೆಂಬರಿನಿಂದ ಅದು 56 ನಿಮಿಷಕ್ಕೆ ಇಳಿಯಿತು. ಮೊದಲು ಟೈಮ್‌ಟೇಬಲ್ ಬರೆದು, ಆಮೇಲೆ ಅದಕ್ಕೆ ತಕ್ಕ ಹಳಿ ಕಟ್ಟಿದ್ದು! ಅದನ್ನೇ 45 ನಿಮಿಷಕ್ಕೆ ಇಳಿಸಿದ್ದರೆ ಖರ್ಚು ಜಾಸ್ತಿ ಆಗುತ್ತಿತ್ತು. ಗಾಡಿ ಬದಲಿಸುವವರು ಮಾತ್ರ ಪ್ಲಾಟ್‌ಫಾರಂ ಮೇಲೆ ಸುಮ್ನೆ ನಿಂತಿರುತ್ತಿದ್ದರು. ಈ ಯೋಜನೆಗೆ 1987ರಲ್ಲಿ ಜನರೇ ಮತ ಹಾಕಿ ಒಪ್ಪಿಗೆ ಕೊಟ್ಟಿದ್ದರು ಅನ್ನೋದು ನನಗೆ ತುಂಬ ಇಷ್ಟವಾದ ವಿಷಯ.

ಇಷ್ಟೊಂದು ರೈಲುಗಳನ್ನು ಹೊಂದಿಸುವುದು ಆಗದ ಕೆಲಸ ಅನ್ನುವವರಿದ್ದಾರೆ. ಅಮೆರಿಕದಲ್ಲಿ ಒಂದೊಂದು ಊರಿಗೂ ಒಂದೊಂದು ಟೈಮ್ ಇತ್ತು. 1883ರ ನವೆಂಬರ್ 18ರಂದು ರೈಲು ಕಂಪನಿಗಳೇ ಸೇರಿ ಗಡಿಯಾರಗಳನ್ನು ಒಂದು ಲೆಕ್ಕಕ್ಕೆ ತಂದವು. ಅದಕ್ಕೆ ಸರ್ಕಾರದ ಕಾನೂನು ಬಂದದ್ದು 1918ರಲ್ಲಿ. ಊರೂರಿನ ಗಡಿಯಾರವನ್ನೇ ಬದಲಿಸಿದವರಿಗೆ ಎರಡು ರೈಲು ಹೊಂದಿಸುವುದು ಆಗಲ್ವಾ?

ಕಷ್ಟ ಇದೆ, ಇಲ್ಲ ಅನ್ನಲ್ಲ. ಟೈಮ್‌ಟೇಬಲ್ ಮಾಡುವವರ ಗ್ರಾಫ್ ನೋಡಿದರೆ ಗೊತ್ತಾಗುತ್ತದೆ. ಅಡ್ಡಕ್ಕೆ ಸಮಯ, ಉದ್ದಕ್ಕೆ ಸ್ಟೇಷನ್‌ಗಳು. ಪ್ರತಿ ರೈಲೂ ಒಂದು ಓರೆ ಗೆರೆ. ಗೆರೆ ಕಡಿದಾಗಿದ್ದರೆ ವೇಗದ ಗಾಡಿ, ಮಲಗಿದ್ದರೆ ನಿಂತ ಗಾಡಿ. ಒಂದೇ ಹಳಿಯ ಮಾರ್ಗದಲ್ಲಿ ಎದುರುಬದುರಿನ ಎರಡು ಗೆರೆಗಳು ಸ್ಟೇಷನ್ನಿನಲ್ಲೇ ಸೇರಬೇಕು, ನಡುದಾರಿಯಲ್ಲಿ ಸೇರುವ ಹಾಗಿಲ್ಲ. ಹಿಂದಿನಿಂದ ಎಕ್ಸ್‌ಪ್ರೆಸ್ಸಿನ ಗೆರೆ ಬಂತೆಂದರೆ ಪ್ಯಾಸೆಂಜರ್ ಗಾಡಿಯ ಗೆರೆ ಲೂಪ್ ಲೈನಿನಲ್ಲಿ, ಅಂದರೆ ದಾರಿ ಬಿಡಲು ಸ್ಟೇಷನ್ನಿನಲ್ಲಿರುವ ಪಕ್ಕದ ಹಳಿಯಲ್ಲಿ, ಮಲಗುತ್ತದೆ. ಎಕ್ಸ್‌ಪ್ರೆಸ್ಸಿನ ವೇಗ ಹೆಚ್ಚಿಸಿದಷ್ಟೂ ಪ್ಯಾಸೆಂಜರ್ ಇನ್ನಷ್ಟು ಸಲ ದಾರಿ ಬಿಡಬೇಕಾಗುತ್ತದೆ. ವೇಗದ ಬೆಲೆ ಕೊಡುವವರು ಸಣ್ಣ ಸ್ಟೇಷನ್ನಿನ ಜನ. ಸುದ್ದಿಯಲ್ಲಿ ಇದು ಬರುವುದೇ ಇಲ್ಲ.

ಇನ್ನೊಂದು ವಿಷಯಕ್ಕೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ತಡವಾದರೆ ಸರಿದೂಗಿಸಲು ಟೈಮ್‌ಟೇಬಲ್‌ನಲ್ಲಿ ಒಂದಿಷ್ಟು ಹೆಚ್ಚುವರಿ ನಿಮಿಷ ಇಡುತ್ತಾರೆ. ಅದು ಬೇಕೇ ಬೇಕು. ಆದರೆ ಅದನ್ನೆಲ್ಲ ಕೊನೆಯ ಸ್ಟೇಷನ್ನಿನ ಹತ್ತಿರ ತುಂಬಿದರೆ? ದಾರಿಯುದ್ದಕ್ಕೂ ಲೇಟಾಗಿ ಓಡಿದ ರೈಲು ಕೊನೆಗೆ ಸರಿಯಾದ ಸಮಯಕ್ಕೆ ತಲುಪುತ್ತದೆ, ಲೆಕ್ಕದಲ್ಲಿ ಅದು ಲೇಟೇ ಅಲ್ಲ. ನಡುವೆ ಇಳಿದು ಕನೆಕ್ಷನ್ ತಪ್ಪಿಸಿಕೊಂಡವರ ಕಥೆ? ಬ್ರಿಟನ್ನಿನಲ್ಲಿ ಈಗ ದಾರಿಯ ನಡುವಿನ ಸ್ಟೇಷನ್‌ಗಳ ಸಮಯವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ, ಒಂದು ನಿಮಿಷ ದಾಟಿದರೆ ಲೇಟ್. ಎಲ್ಲ ಕಡೆ ಹೀಗೇ ಆಗಬೇಕು.

ಮೊದಲ ರೈಲು ಐದು ನಿಮಿಷ ತಡ ಆದರೆ ಎರಡನೆಯದು ಕಾಯಬೇಕಾ? ಅರ್ಧ ಗಂಟೆಯಲ್ಲಿ ಇನ್ನೊಂದು ರೈಲು ಇದ್ದರೆ ಬೇಡ, ಹೊರಡಲಿ. ಕಾಯುತ್ತಾ ನಿಂತರೆ ಒಬ್ಬರ ತಡ ನೂರು ಜನಕ್ಕೆ ಹಬ್ಬುತ್ತದೆ. ಆದರೆ ರಾತ್ರಿಯ ಕೊನೆಯ ರೈಲು ಕಾಯಲೇಬೇಕು. ಎಷ್ಟು ನಿಮಿಷ ಕಾಯುತ್ತದೆ ಅಂತ ಟೈಮ್‌ಟೇಬಲ್‌ನಲ್ಲೇ ಅಚ್ಚು ಹಾಕಿರಬೇಕು, ಸ್ಟೇಷನ್ ಮಾಸ್ಟರ್ ಮರ್ಜಿಗೆ ಬಿಡಬಾರದು.